ಮೌಲಾನಾ ಆಜಾದರ ಕುರಾನ್ ವ್ಯಾಖ್ಯಾನಕ್ರಮ: ಒಂದು ಚಾರಿತ್ರಿಕ ವಿಮರ್ಶೆ

ತೀರ್ಥಹಳ್ಳಿಯ ಸಮೀಪದ ಮೇಳಿಗೆಯಲ್ಲಿ ಹದಿನೇಳನೆಯ ಶತಮಾನದ ಆದಿಭಾಗಕ್ಕೆ ಸೇರಿದ ಅನಂತನಾಥ ಬಸದಿಯಿದೆ. ಆ ಸುತ್ತಿನಲ್ಲಿಯೂ, ಸಾಗರ ಹೊಸನಗರಗಳ ಕಡೆಯಲ್ಲಿಯೂ ಕೆಳದಿಯ ಅರಸರ ಕಾಲದ ದಾನಶಾಸನಗಳು ಹಲವು ದೊರೆತಿವೆ. ಇಂತಹ ಶಾಸನಗಳನ್ನು ಹೊಸದಾಗಿ ಓದತೊಡಗಿದ ವಿದ್ಯಾರ್ಥಿ ಮೊದಲು ಎಡವುವುದು 'ಧರ್ಮ' ಎಂಬ ಶಬ್ದದಲ್ಲಿ. ಧರ್ಮಕ್ಕೆ ತಪ್ಪಿ ನಡೆದವರಿಗೆ ಇಂತಿಂತಹ ಪಾಪ ತಟ್ಟುವುದೆಂದು ಶಾಸನದ ಕೊನೆಯಲ್ಲಿ ಶಾಪಾಶಯವಿರುತ್ತದೆ. ಇಂದಿನ ಓದುಗನು ಅಲ್ಲಿ 'ಮತ' ಎಂಬ ಅರ್ಥವನ್ನು ಕಾಣುತ್ತಾನೆ. ಶಾಸನವನ್ನು ಕಂಡರಿಸಿದವರಿಗಾದರೋ ಅದು ಆ ದಾನ, ಆ ಗದ್ದೆ, ಆ ನಂದಾದೀಪದ ವೆಚ್ಚಕ್ಕೆ ಬಿಟ್ಟ ಉತ್ಪತ್ತಿ. ನಾನೂರು ವರ್ಷಗಳ ಅಂತರದಲ್ಲಿ, ಒಂದೇ ಭಾಷೆಯ ಒಂದೇ ಶಬ್ದಕ್ಕೆ ಈ ಗತಿಯಾದರೆ, ಹದಿಮೂರು ಶತಮಾನಗಳಿಗೂ ಹಿಂದೆ ಅರಬ್ಬೀ ಮರುಭೂಮಿಯಲ್ಲಿ ಕೇಳಿಬಂದ ಗ್ರಂಥವೊಂದರ ಶಬ್ದಗಳಿಗೆ ಎಷ್ಟು ಅರ್ಥಗಳ ಪದರಗಳು ಕೂಡಿಕೊಂಡಿರಬೇಕೆಂಬುದನ್ನು ಊಹಿಸಬಹುದು. ಆ ಪದರಗಳನ್ನು ತೆಗೆದು ಮೊದಲ ಕೇಳುಗರು ಗ್ರಹಿಸಿದ ಅರ್ಥವನ್ನು ಮತ್ತೆ ಕಾಣಬೇಕೆಂದು ಹೊರಟವರು ಮೌಲಾನಾ ಅಬುಲ್ ಕಲಾಂ ಆಜಾದರು (೧೮೮೮–೧೯೫೮). ರಾಜಕಾರಣಿಯಾಗಿಯೂ ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿಯಾಗಿಯೂ ಅವರು ನಮ್ಮ ವಿದ್ಯಾರ್ಥಿಗಳಿಗೆ ಚಿರಪರಿಚಿತರು. ಅವರ ಮುಖ್ಯ ಕೃತಿಯಾದ 'ತರ್ಜುಮಾನುಲ್ ಕುರಾನ್' ಅಷ್ಟು ಪರಿಚಿತವಲ್ಲ. ಆ ಕೃತಿಯ ವ್ಯಾಖ್ಯಾನಕ್ರಮವು ತಾನೇ ವಿಧಿಸಿದ ಪರೀಕ್ಷೆಯಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸುತ್ತೇವೆ.

ಕುರಾನಿಗೆ ಬರೆದ ವ್ಯಾಖ್ಯಾನವನ್ನು ಅರಬ್ಬಿಯಲ್ಲಿ 'ತಫ್ಸೀರ್' ಎನ್ನುತ್ತಾರೆ. ನಮ್ಮಲ್ಲಿ ಪ್ರಸ್ಥಾನತ್ರಯದ ಭಾಷ್ಯಗಳು ಬೇರೆ ಬೇರೆ ದರ್ಶನಗಳ ಆಧಾರಸ್ತಂಭಗಳಾದಂತೆ ತಫ್ಸೀರುಗಳೂ ಬೇರೆ ಬೇರೆ ದೃಷ್ಟಿಗಳ ಆಶ್ರಯವಾದುವು. ಹತ್ತನೆಯ ಶತಮಾನದ ಆದಿಯಲ್ಲಿ ತೀರಿಕೊಂಡ ತಬರಿಯು ಪೂರ್ವಿಕರ ಹೇಳಿಕೆಗಳನ್ನು ಒಟ್ಟುಗೂಡಿಸಿದನು. ಹನ್ನೆರಡನೆಯ ಶತಮಾನದ ಜಮಖ್ಷರಿಯು ವ್ಯಾಕರಣ ಅಲಂಕಾರಗಳ ಮೂಲಕ ಅರ್ಥವನ್ನು ಬಿಡಿಸಿದನು. ಅವನ ಅನಂತರ ಬಂದ ಫಕ್ರುದ್ದೀನ್ ರಾಜಿಯು ತರ್ಕ ಮತ್ತು ತತ್ತ್ವಶಾಸ್ತ್ರಗಳ ಸಕಲ ಸಾಮಗ್ರಿಯನ್ನೂ ತಂದು ಸುರಿದನು. ಈ ಪರಂಪರೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ಬಹಮನಿ ಸುಲ್ತಾನ ಫಿರೋಜ್‌ಷಹನ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿ ೧೪೨೨ರಲ್ಲಿ ಅಲ್ಲಿಯೇ ದೇಹವಿಟ್ಟ ಖ್ವಾಜಾ ಬಂದೇನವಾಜ್ ಗೇಸುದರಾಜರು ಸೂಫಿ ದೃಷ್ಟಿಯ ಕುರಾನ್ ವ್ಯಾಖ್ಯಾನವನ್ನು ಬರೆದವರು. ಜಮಖ್ಷರಿಯ ಗ್ರಂಥಕ್ಕೆ ಟಿಪ್ಪಣಿಗಳನ್ನು ರಚಿಸಿದ ಕೀರ್ತಿಯೂ ಅವರದು. ಅವರ ಉರುಸಿಗೆ ಸೇರುವ ಜನಸಮೂಹದಲ್ಲಿ ಅವರನ್ನು ವ್ಯಾಖ್ಯಾನಕಾರರೆಂದು ಬಲ್ಲವರು ವಿರಳ. ಸಂತನ ಕೀರ್ತಿ ವಿದ್ವಾಂಸನ ಕೀರ್ತಿಯನ್ನು ನುಂಗಿಬಿಡುವುದು ನಮ್ಮ ನಾಡಿನಲ್ಲಿ ಅಪೂರ್ವವಲ್ಲ.

ಆಜಾದರ ವಿಷಯದಲ್ಲಿ ನುಂಗಿದ್ದು ರಾಜಕಾರಣ. ಮೆಕ್ಕಾದಲ್ಲಿ ಹುಟ್ಟಿ, ಸೂಫಿ ಗುರುಗಳಾಗಿದ್ದ ತಂದೆಯ ಮನೆಯಲ್ಲಿ ಕಲ್ಕತ್ತೆಯಲ್ಲಿ ಬೆಳೆದ ಅವರು ಶಾಲೆಗೆ ಹೋದವರಲ್ಲ. ಸಾಂಪ್ರದಾಯಿಕ ಪಾಠಕ್ರಮವನ್ನು ಚಿಕ್ಕ ವಯಸ್ಸಿನಲ್ಲಿಯೇ ಮುಗಿಸಿದರು. ಅದರ ಬೆನ್ನಿಗೇ ಸಂದೇಹಗಳು ಹುಟ್ಟಿದುವು. ಆ ದಿನಗಳಲ್ಲಿ ಅವರನ್ನು ಆಕರ್ಷಿಸಿದವರು ಅಲೀಗಢದ ಸರ್ ಸಯ್ಯದ್ ಅಹಮದ್ ಖಾನರು. ದೇವರ ವಾಕ್ಯವೂ ದೇವರ ಸೃಷ್ಟಿಯೂ ಒಂದಕ್ಕೊಂದು ವಿರುದ್ಧವಾಗಿರಲಾರವು ಎಂಬುದು ಸರ್ ಸಯ್ಯದರ ಮೂಲಸೂತ್ರ. ಆದಕಾರಣ ಪ್ರಕೃತಿನಿಯಮಕ್ಕೆ ಹೊಂದದಂತೆ ತೋರುವ ವಾಕ್ಯಗಳಿಗೆ ಬೇರೆ ಅರ್ಥವನ್ನು ಹುಡುಕಬೇಕೆಂದು ಅವರು ವಾದಿಸಿದರು. ಆಜಾದರು ಈ ಮಾರ್ಗದಲ್ಲಿ ಕೆಲವು ಕಾಲ ನಡೆದು, ಅನಂತರ ಅದನ್ನು ಬಿಟ್ಟರು. ಏಕೆ ಬಿಟ್ಟರೆಂಬುದು ಅವರ ವ್ಯಾಖ್ಯಾನಕ್ರಮದ ಮರ್ಮವಾದುದರಿಂದ ಅದನ್ನು ಮುಂದೆ ವಿಚಾರಿಸೋಣ.

'ತರ್ಜುಮೆ' ಎಂಬ ಮಾತು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. 'ತರ್ಜುಮಾನ್' ಎಂದರೆ ದುಭಾಷಿ. ಕುರಾನಿಗೆ ದುಭಾಷಿಯಾಗಬಲ್ಲ ಒಂದು ಉರ್ದು ಕೃತಿಯನ್ನು ಬರೆಯುವ ಸಂಕಲ್ಪವನ್ನು ಆಜಾದರು ೧೯೧೫ರಲ್ಲಿ ತಮ್ಮ 'ಅಲ್ ಬಲಾಗ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷವೇ ಬಂಗಾಲ ಸರ್ಕಾರವು ಅವರನ್ನು ಪ್ರಾಂತದಿಂದ ಹೊರಹಾಕಿತು. ಅವರು ರಾಂಚಿಗೆ ಹೋದರು. ಅಲ್ಲಿ ೧೯೧೯ರ ಕೊನೆಯವರೆಗೂ ನಿರ್ಬಂಧದಲ್ಲಿದ್ದರು. ಶೋಧನೆಗೆ ಬಂದ ಅಧಿಕಾರಿಗಳು ಕುರಾನ್ ಅನುವಾದದ ಹಸ್ತಪ್ರತಿಯನ್ನೂ ಒಯ್ದರು. ೧೯೨೧ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮತ್ತೆ ಬಂಧನವಾದಾಗಲೂ ಇದೇ ಕಥೆ. ಕಾಗದಗಳು ಮರಳಿ ಕೈಸೇರುವ ವೇಳೆಗೆ ಬಳಸಲು ಬಾರದಷ್ಟು ಅಸ್ತವ್ಯಸ್ತವಾಗಿದ್ದುವು. ಬರೆದುದನ್ನೇ ಮತ್ತೆ ಬರೆಯುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲವೆಂಬುದನ್ನು ಲೇಖನವ್ಯವಸಾಯ ಮಾಡಿದವರೆಲ್ಲರೂ ಬಲ್ಲರು. ಆಜಾದರು ಕೆಲವು ವರ್ಷ ಆ ಕಡೆ ತಿರುಗಿ ನೋಡಲಿಲ್ಲ. ೧೯೨೭ರಲ್ಲಿ ಮತ್ತೆ ಕೈಹಾಕಿ, ೧೯೩೦ರ ಜುಲೈ ತಿಂಗಳಲ್ಲಿ ಮೀರತ್ ಸೆರೆಮನೆಯಲ್ಲಿ ಮುಗಿಸಿದರು. ಮೊದಲ ಸಂಪುಟ ೧೯೩೧ರಲ್ಲಿಯೂ ಎರಡನೆಯದು ೧೯೩೬ರಲ್ಲಿಯೂ ಹೊರಬಂದುವು. ಕುರಾನಿನ ೧೧೪ ಅಧ್ಯಾಯಗಳಲ್ಲಿ ಇಪ್ಪತ್ತಮೂರನೆಯದರವರೆಗೆ ಮಾತ್ರ ಅವುಗಳ ವ್ಯಾಪ್ತಿ. ಆದರೆ ಮೊದಲ ಅಧ್ಯಾಯಗಳು ದೀರ್ಘವಾದುದರಿಂದ ಗ್ರಂಥದ ಅರ್ಧಕ್ಕಿಂತ ಹೆಚ್ಚು ಭಾಗ ಇದರಲ್ಲಿ ಅಡಕವಾಗಿದೆ.

ಗ್ರಂಥದ ಅರ್ಪಣಪತ್ರವನ್ನು ಇಲ್ಲಿ ಸ್ಮರಿಸದೆ ಮುಂದುವರಿಯಲಾಗದು. ೧೯೧೮ರ ಡಿಸೆಂಬರಿನ ಒಂದು ರಾತ್ರಿ ರಾಂಚಿಯ ಮಸೀದಿಯಿಂದ ಪ್ರಾರ್ಥನೆ ಮುಗಿಸಿ ಹೊರಟಾಗ ಕಂಬಳಿ ಹೊದ್ದ ಒಬ್ಬನು ತಮ್ಮನ್ನು ಹಿಂಬಾಲಿಸಿ ಬಂದನೆಂದು ಆಜಾದರು ಬರೆಯುತ್ತಾರೆ. ಅವನು ಗಡಿಯಾಚೆಯವನು, ಬಡವ. ಕಂದಹಾರದಿಂದ ಕ್ವೆಟ್ಟಾದವರೆಗೆ ಕಾಲುನಡಿಗೆಯಲ್ಲಿ ಬಂದು, ಅಲ್ಲಿ ಪರಿಚಯವಾದ ವರ್ತಕರ ಕೈಕೆಳಗೆ ಆಳಾಗಿ ದುಡಿಯುತ್ತ ಮುಂದಿನ ದಾರಿಯನ್ನು ಹಿಡಿದಿದ್ದನು. ಕುರಾನಿನ ಕೆಲವು ಸ್ಥಳಗಳ ಅರ್ಥವನ್ನು ಆಜಾದರಿಂದಲೇ ಕೇಳಿ ತಿಳಿಯಬೇಕೆಂಬುದೊಂದೇ ಅವನ ಉದ್ದೇಶ. ಅವರ ಪತ್ರಿಕೆಗಳನ್ನು ಅವನು ಅಕ್ಷರ ಅಕ್ಷರವಾಗಿ ಓದಿಕೊಂಡಿದ್ದನು. ಕೆಲವು ದಿನ ತಂಗಿದ್ದು, ಒಂದು ದಿನ ಹೇಳದೆ ಹೊರಟುಹೋದನು. ಹೇಳಿ ಹೊರಟರೆ ದಾರಿಖರ್ಚಿಗೆ ಹಣ ಕೊಟ್ಟಾರೆಂಬ ಸಂಕೋಚವಿರಬೇಕೆಂದು ಆಜಾದರ ಊಹೆ. ಅವನ ಹೆಸರು ಅವರ ನೆನಪಿನಲ್ಲಿ ಉಳಿಯಲಿಲ್ಲ. ಗ್ರಂಥವನ್ನು ಅವನಿಗೇ ಅರ್ಪಿಸಿದರು. ಇದನ್ನು ನಾವು ಕೇವಲ ಹೃದಯಸ್ಪರ್ಶಿಯಾದ ಪ್ರಸಂಗವೆಂದು ಉಲ್ಲೇಖಿಸುತ್ತಿಲ್ಲ. ಯಾರಿಗಾಗಿ ಬರೆಯುತ್ತೇವೆಂಬುದು ಹೇಗೆ ಬರೆಯುತ್ತೇವೆಂಬುದನ್ನು ನಿಶ್ಚಯಿಸುತ್ತದೆ. ರಾಜಿಯ ಓದುಗರು ನೈಯಾಯಿಕರು; ಸರ್ ಸಯ್ಯದರ ಓದುಗರು ಇಂಗ್ಲಿಷ್ ಕಲಿತ ತರುಣರು. ಆಜಾದರ ಕಣ್ಣ ಮುಂದಿದ್ದವನು ಈ ಕಂಬಳಿಯವನು.

ಈಗ ಕ್ರಮಕ್ಕೆ ಬರೋಣ. ಕುರಾನಿನ ಮೊದಲ ಕೇಳುಗರು ಅದನ್ನು ಸಹಜವಾಗಿ ಗ್ರಹಿಸಿದರು. ಅದರ ಯುಕ್ತಿ ನೇರವಾಗಿ ಕಣ್ಣಿಗೂ ಹೃದಯಕ್ಕೂ ಹೇಳಿದ ಯುಕ್ತಿ. ಮಳೆ ಬೀಳುವುದನ್ನು ನೋಡು, ಸತ್ತ ನೆಲ ಹಸಿರಾಗುವುದನ್ನು ನೋಡು ಎಂಬ ಬಗೆಯದು. ಆ ತಲೆಮಾರು ಸರಿದ ಮೇಲೆ ಗ್ರೀಕ್ ಶಾಸ್ತ್ರಗಳು ಅರಬ್ಬಿಗೆ ಇಳಿದುವು. ವ್ಯಾಖ್ಯಾನಕಾರರು ಅರಿಸ್ಟಾಟಲನ ಸಾಧ್ಯ ಹೇತುಗಳ ಎರಕದಲ್ಲಿ ಕುರಾನಿನ ಮಾತನ್ನು ಹೊಯ್ಯಲು ಹೊರಟರು. ಮೂಲದ ಶಬ್ದಗಳು ಪಾರಿಭಾಷಿಕ ಶಬ್ದಗಳಾದುವು. ಕುರಾನ್ ಕೇಳದ ಪ್ರಶ್ನೆಗಳಿಗೆ ಕುರಾನಿನಿಂದ ಉತ್ತರ ಹೊರಡಿಸುವ ಪರಿಪಾಠ ಬೆಳೆಯಿತು. ಗ್ರಂಥದ ಎತ್ತರಕ್ಕೆ ತಾವು ಏರಲಾರದೆ ಗ್ರಂಥವನ್ನೇ ತಮ್ಮ ಬುದ್ಧಿಯ ಮಟ್ಟಕ್ಕೆ ಇಳಿಸಿದರೆಂಬುದು ಪೂರ್ವಸೂರಿಗಳ ಮೇಲೆ ಆಜಾದರು ಹೊರಿಸಿದ ಆರೋಪದ ಸಾರ. ಅದರಲ್ಲಿ ರಾಜಿಗೆ ದೊರೆತ ಪಾಲು ದೊಡ್ಡದು.

ಸಂಪ್ರದಾಯದಲ್ಲಿ 'ತಫ್ಸೀರ್ ಬಿರ್ರಾಯ್', ಅಂದರೆ ಸ್ವಮತಾನುಸಾರವಾದ ವ್ಯಾಖ್ಯಾನ, ನಿಷಿದ್ಧವೆನಿಸಿದೆ. ಬುದ್ಧಿಯನ್ನು ಉಪಯೋಗಿಸಿದ ವ್ಯಾಖ್ಯಾನವೇ ನಿಷಿದ್ಧವೆಂದು ಹಲವರು ಇದನ್ನು ಅರ್ಥಮಾಡಿದ್ದರು. ಕುರಾನ್ ಅಡಿಗಡಿಗೂ ವಿಚಾರಮಾಡಿರೆಂದು ಕರೆಯುವಾಗ ಅದು ಹೇಗೆ ಸಾಧ್ಯವೆಂದು ಆಜಾದರು ಕೇಳುತ್ತಾರೆ. ಅವರ ಪ್ರಕಾರ ನಿಷಿದ್ಧವಾದುದು ಅಭಿಪ್ರಾಯವನ್ನು ಮೊದಲೇ ನಿಶ್ಚಯಿಸಿಕೊಂಡು, ಅನಂತರ ಗ್ರಂಥದ ಬಾಯಿಂದ ಅದನ್ನು ಹೇಳಿಸುವುದು. ಈ ದೋಷ ಹಳಬರದು ಮಾತ್ರವಲ್ಲ. ಒಂದು ಕಾಲದಲ್ಲಿ ಟಾಲೆಮಿಯ ಖಗೋಲವನ್ನು ಕುರಾನಿನಲ್ಲಿ ಕಂಡವರಿದ್ದಂತೆ ಈಗ ಯುರೋಪಿನ ಹೊಸ ಶಾಸ್ತ್ರಗಳನ್ನು ಕಾಣುವವರಿದ್ದಾರೆಂದು ಅವರು ನುಡಿದರು. ಸರ್ ಸಯ್ಯದರ ಮಾರ್ಗವನ್ನು ಅವರು ಬಿಟ್ಟುದು ಇದಕ್ಕಾಗಿ. ಅದರಲ್ಲಿ ಬದಲಾದುದು ಶಾಸ್ತ್ರ, ದೋಷ ಹಳೆಯದೇ.

ಕೃತಿಯ ಕೀರ್ತಿಗೆ ಕಾರಣವಾದುದು ಮೊದಲ ಅಧ್ಯಾಯವಾದ 'ಫಾತಿಹಾ'ದ ವ್ಯಾಖ್ಯಾನ. ಮೂಲದಲ್ಲಿ ಏಳು ವಾಕ್ಯಗಳು ಮಾತ್ರ. ವ್ಯಾಖ್ಯಾನ ಒಂದು ಪುಸ್ತಕವಾಗುವಷ್ಟಿದೆ. ದೇವರಿಗೆ ಅಲ್ಲಿ ಮೊದಲು ಬರುವ ವಿಶೇಷಣ 'ರಬ್ಬ್'. ಇದನ್ನು ಒಡೆಯನೆಂದು ಅನುವಾದಿಸುವುದು ವಾಡಿಕೆ. ಅರಬ್ಬಿಯ ಮೂಲಾರ್ಥವನ್ನು ಹಿಡಿದು ಆಜಾದರು ಇದನ್ನು ಪೋಷಕನೆಂದು ಬಿಡಿಸುತ್ತಾರೆ: ಒಂದು ವಸ್ತುವನ್ನು ಅವಸ್ಥೆಯಿಂದ ಅವಸ್ಥೆಗೆ, ಆಯಾ ಅವಸ್ಥೆಗೆ ಬೇಕಾದುದನ್ನು ಬೇಕಾದಷ್ಟೇ ಒದಗಿಸುತ್ತ, ಪೂರ್ಣತೆಗೆ ಮುಟ್ಟಿಸುವವನು. ಶಿಶು ಹುಟ್ಟಿದಾಗ ತಾಯಿಯ ಹಾಲು ತೆಳುವಾಗಿದ್ದು ಅದು ಬೆಳೆದಂತೆ ಗಟ್ಟಿಯಾಗುವುದು ಅವರು ಕೊಡುವ ದೃಷ್ಟಾಂತ. ಪೋಷಣೆ ಅನ್ನಕ್ಕೆ ಸೀಮಿತವಲ್ಲ. ದಾರಿ ತೋರುವುದೂ ಪೋಷಣೆಯೇ. ಪ್ರಾಣಿಗೆ ಸಹಜಪ್ರವೃತ್ತಿ, ಅದರ ಮೇಲೆ ಇಂದ್ರಿಯಗಳು, ಮನುಷ್ಯನಿಗೆ ಅದಕ್ಕೂ ಮೇಲೆ ಬುದ್ಧಿ. ಬುದ್ಧಿ ಮುಟ್ಟಲಾರದೆಡೆಯಲ್ಲಿ ದೈವವಾಣಿ. ಒಂದೊಂದೂ ತನ್ನ ಕೆಳಗಿನದರ ಕೊರತೆಯನ್ನು ತುಂಬಿ, ಅದರ ತಪ್ಪನ್ನು ತಿದ್ದುತ್ತದೆ. ಅನಂತರದ ವಿಶೇಷಣಗಳಲ್ಲಿ ಅವರು 'ರಹ್ಮತ್' ಎಂಬ ಕರುಣೆಯನ್ನೂ 'ಅದಾಲತ್' ಎಂಬ ನ್ಯಾಯವನ್ನೂ ಕಾಣುತ್ತಾರೆ. ಅದಾಲತ್ತೆಂದರೆ ನಮಗೆ ಕಚೇರಿಯ ಕಟ್ಟೆಯೇ ನೆನಪಿಗೆ ಬರುತ್ತದೆ. ಇಲ್ಲಿ ಅದು ಬೆಂಕಿ ಸುಡುವಂತೆ, ಬಿತ್ತಿದ್ದು ಬೆಳೆಯುವಂತೆ ಕರ್ಮಕ್ಕೆ ತಕ್ಕ ಫಲ. ಶಿಕ್ಷಿಸುವ ಅರಸನ ಕೋಪ ಅದರಲ್ಲಿಲ್ಲ.

ಈ ಪೋಷಕನು ಸಕಲ ಲೋಕಗಳ ಪೋಷಕನೆಂದೇ ಗ್ರಂಥ ಆರಂಭಿಸುತ್ತದೆ. ಒಂದು ಕುಲದ ದೇವರೆಂದಲ್ಲ. ಆಜಾದರ ಮುಖ್ಯ ಸಿದ್ಧಾಂತ ಇಲ್ಲಿಂದ ಹೊರಡುತ್ತದೆ. ಪೋಷಣೆ ಸರ್ವರಿಗೂ ಸಮಾನವಾದರೆ ದಾರಿ ತೋರುವುದೂ ಸರ್ವರಿಗೂ ಸಮಾನವಾಗಿರಬೇಕು. ಆದುದರಿಂದ ಪ್ರವಾದಿಗಳು ಬಾರದ ಜನಾಂಗವಿಲ್ಲ. ಅವರೆಲ್ಲರೂ ಬೋಧಿಸಿದ 'ದೀನ್' ಒಂದೇ. ಈ 'ದೀನ್' ಶಬ್ದಕ್ಕೆ ಕನ್ನಡದಲ್ಲಿ ಧರ್ಮವೆಂದರೆ ನಾವು ಮೊದಲು ಹೇಳಿದ ತೊಡಕು ಮತ್ತೆ ಎದುರಾಗುತ್ತದೆ. ಒಬ್ಬ ದೇವರಿಗೆ ಶರಣಾಗುವುದು, ಒಳ್ಳೆಯ ನಡತೆ — ಇವೆರಡೇ ಆಜಾದರ ದೃಷ್ಟಿಯಲ್ಲಿ ದೀನ್. ಪೂಜಾವಿಧಿ, ಆಚಾರ, ವ್ಯವಹಾರನಿಯಮಗಳು 'ಷರೀಅತ್'. ಅವು ಕಾಲದೇಶಗಳಿಗೆ ತಕ್ಕಂತೆ ಬೇರೆ ಬೇರೆ. ಐದನೆಯ ಅಧ್ಯಾಯದ ನಲವತ್ತೆಂಟನೆಯ ವಾಕ್ಯ ಪ್ರತಿಯೊಂದು ಸಮುದಾಯಕ್ಕೂ ಬೇರೆ ನಿಯಮವನ್ನೂ ಬೇರೆ ಮಾರ್ಗವನ್ನೂ ದೇವರೇ ಕೊಟ್ಟನೆನ್ನುತ್ತದೆ. ನಲವತ್ತೆರಡನೆಯ ಅಧ್ಯಾಯದ ಹದಿಮೂರನೆಯ ವಾಕ್ಯ ನೋಹ, ಅಬ್ರಹಾಮ, ಮೋಸೆ, ಏಸುಗಳಿಗೆ ವಿಧಿಸಿದ ದೀನನ್ನೇ ಇಲ್ಲಿಯೂ ವಿಧಿಸಿದೆಯೆನ್ನುತ್ತದೆ. ಜನರು ದೀನನ್ನು ಮರೆತು ಷರೀಅತ್ತಿನ ಭೇದವನ್ನೇ ಹಿಡಿದು ಗುಂಪುಗಳಾದುದು ಅನರ್ಥಕ್ಕೆ ಮೂಲ.

ಇದು ಸುಮ್ಮನೆ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಕೃತಿ ಹೊರಬಂದ ಹತ್ತು ವರ್ಷಗಳೊಳಗೆ, ೧೯೪೦ರಲ್ಲಿ, ಆಜಾದರು ರಾಮಗಢದಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಅವಿಭಕ್ತ ಭಾರತದ ಒಂದೇ ರಾಷ್ಟ್ರೀಯತೆಯನ್ನು ಸಮರ್ಥಿಸಿದರು. ಅದೇ ತಿಂಗಳು ಲಾಹೋರಿನಲ್ಲಿ ಮುಸ್ಲಿಂ ಲೀಗು ಇದಕ್ಕೆ ವಿರುದ್ಧವಾದ ನಿರ್ಣಯವನ್ನು ಅಂಗೀಕರಿಸಿತು. ಫಾತಿಹಾದ ವ್ಯಾಖ್ಯಾನ ರಾಜಕೀಯದ ಬೇಡಿಕೆಗೆ ತಕ್ಕಂತೆ ಹೆಣೆದುದೆಂಬ ಸಂದೇಹ ಅನೇಕರಿಗೆ ಹುಟ್ಟಿದುದು ಸ್ವಾಭಾವಿಕ. ಧಾರ್ಮಿಕ ವಿದ್ವಾಂಸರ ಆಕ್ಷೇಪ ಅದಕ್ಕಿಂತ ನೇರವಾದುದು: ದೇವರಲ್ಲಿ ನಂಬಿಕೆ ಮತ್ತು ಸದಾಚಾರ ಇವೆರಡೇ ಸಾಕಾದರೆ, ಪ್ರವಾದಿ ಮುಹಮ್ಮದರಲ್ಲಿ ವಿಶ್ವಾಸವಿಡುವುದು ಅನಾವಶ್ಯಕವೇ? ಆಜಾದರ ಅಭಿಮಾನಿಗಳಾಗಿದ್ದ ಗುಲಾಂ ರಸೂಲ್ ಮೆಹ್ರರೂ ಪತ್ರಮುಖೇನ ಇದನ್ನೇ ಕೇಳಿದರು. ವಿಶ್ವಾಸವೆಂಬ ಶಬ್ದವನ್ನು ಕುರಾನ್ ಬಳಸುವಲ್ಲಿ ಪ್ರವಾದಿಗಳೆಲ್ಲರಲ್ಲಿಯೂ ಭೇದವೆಣಿಸದ ವಿಶ್ವಾಸ ಅದರಲ್ಲಿಯೇ ಸೇರಿದೆ. ಒಬ್ಬನನ್ನು ತಿರಸ್ಕರಿಸಿದವನು ಎಲ್ಲರನ್ನೂ ತಿರಸ್ಕರಿಸಿದಂತೆ — ಇದು ಅವರ ಉತ್ತರದ ತಾತ್ಪರ್ಯ.

ಈ ಉತ್ತರವನ್ನು ಗಮನಿಸಿದರೆ ಇರುವ ಮತಗಳೆಲ್ಲವೂ ಇದ್ದಂತೆಯೇ ಸಮಾನವೆಂದು ಆಜಾದರು ಹೇಳಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಪ್ರತಿಯೊಬ್ಬನೂ ತಾನು ಮರೆತ ಮೂಲಸತ್ಯಕ್ಕೆ ಮರಳಬೇಕೆಂದು ಕುರಾನ್ ಕರೆಯುತ್ತದೆಂಬುದು ಅವರ ಮಾತು. ಮರಳುವುದೆಂದರೆ ಬಿಡಬೇಕಾದುದು ಬಹಳವಿದೆ. ಸಭಾಭಾಷಣಗಳಲ್ಲಿ ಅವರನ್ನು ಸರ್ವಮತಸಮಾನತೆಯ ಪ್ರವಕ್ತರೆಂದು ಹೊಗಳುವವರೂ, ಇಸ್ಲಾಮನ್ನು ನೀರುಮಾಡಿದರೆಂದು ತೆಗಳುವವರೂ ಒಂದೇ ತಪ್ಪಿನ ಎರಡು ತುದಿಗಳನ್ನು ಹಿಡಿದಿದ್ದಾರೆ.

ಆದರೆ ಸಂದೇಹವನ್ನು ಅಷ್ಟಕ್ಕೇ ಮುಗಿಸುವುದು ಇತಿಹಾಸಕಾರನಿಗೆ ತಕ್ಕುದಲ್ಲ. ೧೯೧೨ರಲ್ಲಿ ಆಜಾದರು ಆರಂಭಿಸಿದ 'ಅಲ್ ಹಿಲಾಲ್' ಪತ್ರಿಕೆಯಲ್ಲಿ ಅದೇ ಕುರಾನಿನ ವಾಕ್ಯಗಳು ಮುಸಲ್ಮಾನರನ್ನು ದೇವರ ಪಕ್ಷವಾಗಿ ಪ್ರತ್ಯೇಕವಾಗಿ ಸಂಘಟಿತರಾಗಿರೆಂದು ಕರೆದುವು. ರಾಜಕೀಯವನ್ನೂ ಅಲ್ಲಿಂದಲೇ ಕಲಿಯಬೇಕೆಂದು ಸಾರಿದುವು. ೧೯೨೧ರ ವೇಳೆಗೆ ಪ್ರವಾದಿಯು ಮದೀನಾದ ಯಹೂದ್ಯರೊಡನೆ ಮಾಡಿಕೊಂಡ ಒಡಂಬಡಿಕೆಯನ್ನು ಮುಂದಿಟ್ಟು ಹಿಂದೂ ಮುಸಲ್ಮಾನರು ಒಂದೇ ಜನಾಂಗವಾಗಬಹುದೆಂದು ಅವರು ವಾದಿಸಿದರು. ಗ್ರಂಥ ಬದಲಾಗಲಿಲ್ಲ, ಓದುವವನ ಸನ್ನಿವೇಶ ಬದಲಾಯಿತು. ಅವರೇ ಹೆಸರಿಸಿದ ದೋಷ 'ಅಲ್ ಹಿಲಾಲ್'ನ ತರುಣ ಆಜಾದರಲ್ಲಿ ಧಾರಾಳವಾಗಿದೆಯೆಂದು ನಾವು ಹೇಳಲೇಬೇಕಾಗುತ್ತದೆ. 'ತರ್ಜುಮಾನ್'ನಲ್ಲಿ ಸ್ಥಿತಿ ಬೇರೆ. ದೀನ್ ಮತ್ತು ಷರೀಅತ್ತುಗಳ ವಿವೇಚನೆಗೆ ಮೂಲವಾಕ್ಯಗಳ ಬಲವಾದ ಆಧಾರವಿದೆ. ಅವನ್ನು ಎಳೆದು ಬಗ್ಗಿಸಬೇಕಾಗಿಲ್ಲ. ಯಾವುದಕ್ಕೆ ಒತ್ತು, ಯಾವುದರ ಮೇಲೆ ಮೌನ ಎಂಬುದರಲ್ಲಿ ಕಾಲದ ಮುದ್ರೆಯಿದೆ. ಯುದ್ಧದ ಪ್ರಕರಣಗಳಿಗೆ ದೊರೆತ ಪುಟಗಳನ್ನೂ ಪೋಷಣೆಯ ಪ್ರಕರಣಕ್ಕೆ ದೊರೆತ ಪುಟಗಳನ್ನೂ ಹೋಲಿಸಿದವರಿಗೆ ಇದು ತಿಳಿಯುತ್ತದೆ. ಒತ್ತಿನ ಆಯ್ಕೆ ಯಾವ ಭಾಷ್ಯಕಾರನಿಗೂ ತಪ್ಪಿದ್ದಲ್ಲ. ಅರ್ಥವನ್ನು ಕಲ್ಪಿಸುವುದು ಬೇರೆ.

ಆಜಾದರ ಕ್ರಮವನ್ನು ರಾಜಕೀಯದ ಗದ್ದಲದಿಂದ ದೂರವಿಟ್ಟು ಪರೀಕ್ಷಿಸಲು ಹದಿನೆಂಟನೆಯ ಅಧ್ಯಾಯದ 'ಜುಲ್‌ಕರ್ನೈನ್' ಪ್ರಕರಣ ಅನುಕೂಲವಾಗಿದೆ. ಎರಡು ಕೊಂಬುಗಳವನೆಂದು ಆ ಹೆಸರಿನ ಅರ್ಥ. ಪಶ್ಚಿಮಕ್ಕೂ ಪೂರ್ವಕ್ಕೂ ಹೋಗಿ, ಅನಂತರ ಎರಡು ಬೆಟ್ಟಗಳ ನಡುವೆ ಕಬ್ಬಿಣ ತಾಮ್ರಗಳ ತಡೆಗೋಡೆಯನ್ನು ಕಟ್ಟಿದ ಈ ಧರ್ಮಿಷ್ಠ ಅರಸನಾರು? ಅಲೆಕ್ಸಾಂಡರನೆಂದು ಹಳೆಯ ವ್ಯಾಖ್ಯಾನಕಾರರಲ್ಲಿ ಬಹುಮಂದಿ ಹೇಳಿದರು. ಚೀನದ ಮಹಾಪ್ರಾಕಾರವನ್ನು ಕಟ್ಟಿಸಿದ ಸಾಮ್ರಾಟನೆಂದು ಸರ್ ಸಯ್ಯದರು ಊಹಿಸಿದರು. ಆಜಾದರು ಕೇಳಿದ ಪ್ರಶ್ನೆಯೇ ಬೇರೆ: ಈ ಹೆಸರು ಮೊದಲು ಯಾರ ಬಾಯಲ್ಲಿ ಇತ್ತು? ಪ್ರಶ್ನೆ ಯಹೂದ್ಯರ ಪ್ರೇರಣೆಯಿಂದ ಬಂದುದೆಂದು ಪರಂಪರೆ ತಿಳಿಸುತ್ತದೆ. ಹಾಗಾದರೆ ಯಹೂದ್ಯರ ಗ್ರಂಥಗಳಲ್ಲಿ ಹುಡುಕಬೇಕು. ದಾನಿಯೇಲನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಎರಡು ಕೊಂಬಿನ ಟಗರು ಕನಸಿನಲ್ಲಿ ಕಾಣಿಸುತ್ತದೆ. ಅದು ಮೀಡಿಯ ಮತ್ತು ಪಾರಸಿಕ ರಾಜ್ಯಗಳೆಂದು ಅಲ್ಲಿಯೇ ಅರ್ಥ ಹೇಳಿದೆ. ಆ ಎರಡನ್ನೂ ಒಂದುಗೂಡಿಸಿ, ಕ್ರಿ.ಪೂ. ೫೩೯ರಲ್ಲಿ ಬಾಬಿಲೋನನ್ನು ಗೆದ್ದು, ಯಹೂದ್ಯರ ಸೆರೆ ಬಿಡಿಸಿದವನು ಸೈರಸ್. ಲಿಡಿಯದ ವಿಜಯ ಪಶ್ಚಿಮಯಾತ್ರೆಗೂ, ಕಾಕಸಸ್ಸಿನ ದಾರಿಯಾಲ್ ಕಣಿವೆ ಗೋಡೆಗೂ ಹೊಂದುತ್ತದೆ. ಪಸರ್ಗಾಡೆಯಲ್ಲಿ ನಿಂತಿರುವ ರೆಕ್ಕೆಯುಳ್ಳ, ಕೊಂಬಿನ ಕಿರೀಟ ಧರಿಸಿದ ಶಿಲ್ಪವನ್ನೂ ಅವರು ಸಾಕ್ಷಿಗೆ ಕರೆದರು.

ಇಂದಿನ ವಿದ್ವಾಂಸರೆಲ್ಲರೂ ಇದನ್ನು ಒಪ್ಪುವುದಿಲ್ಲ. ಸಿರಿಯಾಕ್ ಭಾಷೆಯ ಅಲೆಕ್ಸಾಂಡರ್ ಕಥೆಗೂ ಈ ಪ್ರಕರಣಕ್ಕೂ ಇರುವ ಸಾಮ್ಯವನ್ನು ಜರ್ಮನ್ ಪಂಡಿತ ನೋಲ್ಡೆಕೆ ೧೮೯೦ರಲ್ಲಿಯೇ ತೋರಿಸಿದ್ದನು. ಪಾಶ್ಚಾತ್ಯರಲ್ಲಿ ಹೆಚ್ಚಿನವರು ಆ ಕಡೆಗಿದ್ದಾರೆ. ಪಸರ್ಗಾಡೆಯ ಶಿಲ್ಪ ಸೈರಸನದೇ ಎಂಬುದೂ ನಿರ್ಣಯವಾಗಿಲ್ಲ. ೧೮೭೯ರಲ್ಲಿ ಬಾಬಿಲೋನಿನಲ್ಲಿ ದೊರೆತ ಮಣ್ಣಿನ ಉರುಳೆಯ ಲೇಖನದಲ್ಲಿ ಸೈರಸನು ಮಾರ್ದುಕನೆಂಬ ಅಲ್ಲಿಯ ದೇವತೆಯ ಅನುಗ್ರಹದಿಂದ ಗೆದ್ದೆನೆನ್ನುತ್ತಾನೆ. ಅವನನ್ನು ಏಕದೇವೋಪಾಸಕನೆನ್ನುವ ಆಜಾದರ ವಾದ ಇಲ್ಲಿ ದುರ್ಬಲವಾಗುತ್ತದೆ. ಹಾಗಿದ್ದರೂ ಇಲ್ಲಿ ಅವರು ನಡೆದ ರೀತಿ ಶಾಸನತಜ್ಞನ ರೀತಿ. ಹೆಸರಿನಿಂದ ಕೇಳುಗನಿಗೆ, ಕೇಳುಗನಿಂದ ಅವನ ಗ್ರಂಥಕ್ಕೆ, ಗ್ರಂಥದಿಂದ ನೆಲಕ್ಕೆ ಹೋಗಿದ್ದಾರೆ. ಹೊಸ ಸಾಕ್ಷ್ಯ ಬಂದರೆ ತಿದ್ದಬಹುದಾದ ತೀರ್ಮಾನವದು, ಮತ್ತು ಇದೇ ಅದರ ಯೋಗ್ಯತೆ.

ಹೊಸ ಶಾಸ್ತ್ರಗಳ ಬಗೆಗೆ ಆಜಾದರು ಕೊಟ್ಟ ಎಚ್ಚರಿಕೆಗೆ ಎಲ್ಲರೂ ಕಿವಿಗೊಡಲಿಲ್ಲವೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಬೆಂಗಳೂರಿನಲ್ಲಿ ೧೯೭೦ರಲ್ಲಿ ಫುರ್ಖಾನಿಯಾ ಅಕಾಡೆಮಿಯನ್ನು ಸ್ಥಾಪಿಸಿದ ಮೌಲಾನಾ ಮುಹಮ್ಮದ್ ಶಿಹಾಬುದ್ದೀನ್ ನದ್ವಿಯವರು ೨೦೦೨ರಲ್ಲಿ ತೀರಿಕೊಳ್ಳುವವರೆಗೂ ಕುರಾನ್ ಮತ್ತು ವಿಜ್ಞಾನಗಳ ಸಂಬಂಧವನ್ನು ಕುರಿತು ಉರ್ದುವಿನಲ್ಲಿ ಹಲವು ಗ್ರಂಥಗಳನ್ನು ಬರೆದರು. ದೇವರು ಆದಮನಿಗೆ ವಸ್ತುಗಳ ಹೆಸರುಗಳನ್ನು ಕಲಿಸಿದನೆಂಬ ಎರಡನೆಯ ಅಧ್ಯಾಯದ ಮಾತಿನಲ್ಲಿ ಅವರು ವಸ್ತುವಿಜ್ಞಾನದ ಬೀಜವನ್ನೇ ಕಂಡು, ಮುಸಲ್ಮಾನರು ವಿಜ್ಞಾನವನ್ನು ಕೈಬಿಟ್ಟುದೇ ಅವರ ಅವನತಿಗೆ ಕಾರಣವೆಂದರು. ವಿಕಾಸವಾದವನ್ನು ಮಾತ್ರ ಖಂಡಿಸಿದರು. ಮದರಸಾದ ವಿದ್ಯಾರ್ಥಿಯನ್ನು ಪ್ರಯೋಗಶಾಲೆಯ ಕಡೆಗೆ ತಿರುಗಿಸಬೇಕೆಂಬ ಅವರ ಹಂಬಲ ಶ್ಲಾಘ್ಯವಾದುದು. ಆದರೆ ಮೊದಲ ಕೇಳುಗನು 'ಹೆಸರುಗಳು' ಎಂಬುದರಲ್ಲಿ ರಸಾಯನಶಾಸ್ತ್ರವನ್ನು ಕೇಳಿರಲಾರನು. ವಿಜ್ಞಾನ ತನ್ನ ಮಾತನ್ನು ತಾನೇ ತಿದ್ದಿಕೊಂಡಾಗ ಅದಕ್ಕೆ ಕಟ್ಟಿದ ವ್ಯಾಖ್ಯಾನ ಏನಾಗಬೇಕೆಂಬ ಪ್ರಶ್ನೆಗೆ ಈ ಮಾರ್ಗದಲ್ಲಿ ಉತ್ತರ ಕಠಿಣ. ಟಾಲೆಮಿಯ ಕಾಲದವರಿಗೂ ಆ ಪ್ರಶ್ನೆಗೆ ಉತ್ತರ ದೊರೆತಿರಲಿಲ್ಲ.

'ತರ್ಜುಮಾನ್'ನ ಮೂರನೆಯ ಸಂಪುಟ ಆಜಾದರಿಂದ ಬರಲಿಲ್ಲ. ಹೈದರಾಬಾದಿನ ಸಯ್ಯದ್ ಅಬ್ದುಲ್ ಲತೀಫರು ಮಾಡಿದ ಇಂಗ್ಲಿಷ್ ಅನುವಾದದ ಮೊದಲ ಸಂಪುಟ ೧೯೬೨ರಲ್ಲಿ ಪ್ರಕಟವಾಯಿತು. ಅನಂತರ ಸಾಹಿತ್ಯ ಅಕಾಡೆಮಿಯು ಮಾಲಿಕ್ ರಾಮರ ಸಂಪಾದಕತ್ವದಲ್ಲಿ ಉರ್ದು ಮೂಲವನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಉಳಿದ ಅಧ್ಯಾಯಗಳ ಮೇಲೆ ಆಜಾದರು ಬೇರೆಡೆಗಳಲ್ಲಿ ಬರೆದುದನ್ನು ಮೆಹ್ರರು ಆಯ್ದು ಒಂದು ಪುಸ್ತಕವಾಗಿ ಜೋಡಿಸಿದ್ದಾರೆ. ಅದನ್ನು ಮುಖ್ಯಕೃತಿಯ ಮುಂದುವರಿಕೆಯೆಂದು ಓದುವ ವಿದ್ಯಾರ್ಥಿ ಎಚ್ಚರದಿಂದಿರಬೇಕು: ಅದರ ಎಷ್ಟೋ ಭಾಗಗಳು 'ಅಲ್ ಹಿಲಾಲ್' ಕಾಲದವು, ಮೀರತ್ ಸೆರೆಮನೆಯಲ್ಲಿ ಗ್ರಂಥವನ್ನು ಮುಗಿಸಿದ ಆಜಾದರಿಗಿಂತ ಹದಿನೈದು ಹದಿನೆಂಟು ವರ್ಷ ಚಿಕ್ಕವರಾದ ಆಜಾದರವು. ಪ್ರತಿಯೊಂದು ಭಾಗದ ಪಕ್ಕದಲ್ಲಿಯೂ ಅದು ಮೊದಲು ಅಚ್ಚಾದ ವರ್ಷವನ್ನು ಗುರುತಿಸಿಕೊಂಡು ಓದುವುದು ಲೇಸು.